ಎಫ್8 ಒತ್ತಿದರೆ ವಿಂಡೋಸ್ ಮೊದಲಿನ ಹಾಗಾಗಬೇಕು, ಅಡಗಿದ ರಿಕವರಿ ಪಾರ್ಟಿಷನ್ ಮಾಡುವುದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು, ಅಲ್ವಾ? ಕಂಪನಿ ಲ್ಯಾಪ್‌ಟಾಪಿನಲ್ಲಿ ಆನ್ ಮಾಡುವಾಗ ಒಂದು ಕೀ ಒತ್ತಿದರೆ ವಿಂಡೋಸ್ ಹೊಸದರಂತೆ ಬರುತ್ತದೆ. ಊರಲ್ಲಿ ಅಪ್ಪ-ಅಮ್ಮನಿಗೆ ಅಸೆಂಬಲ್ ಮಾಡಿಸಿಕೊಟ್ಟ ಡೆಸ್ಕ್‌ಟಾಪಿನಲ್ಲೂ ಅದೇ ಥರ ಬೇಕು, ಆ ಪಾರ್ಟಿಷನ್ ಅವರ ಕಣ್ಣಿಗೆ ಬೀಳಬಾರದು. ಖಂಡಿತ ಮಾಡಬಹುದು. ಸಾಗರದಲ್ಲಿರುವ ಅಕ್ಕನ ಮನೆಯ ಕಂಪ್ಯೂಟರಿಗೆ ನಾನು ಇದನ್ನೇ ಮಾಡಿಕೊಟ್ಟಿದ್ದೇನೆ, ಒಮ್ಮೆ ಬಳಸಿದ್ದೂ ಆಗಿದೆ.

ಮೊದಲು ಒಂದು ಮಾತು. ಅಡಗಿಸುವುದು ಬೇರೆ ಕೆಲಸ, ಕೀ ಬೇರೆ ಕೆಲಸ. ಪಾರ್ಟಿಷನ್ ಸುಮ್ನೆ ಡಿಸ್ಕಿನ ಒಂದು ಜಾಗ, ಅದಕ್ಕೆ ಕೀಬೋರ್ಡ್ ಗೊತ್ತಿಲ್ಲ. ಆನ್ ಮಾಡಿದ ಕೂಡಲೇ ಯಾರು ಮೊದಲು ಏಳುತ್ತಾರೋ ಅವರೇ ಕೀ ನೋಡುವುದು. ಮೊದಲು ಮದರ್‌ಬೋರ್ಡಿನ ಬಯಾಸ್, ಆಮೇಲೆ ವಿಂಡೋಸ್ ಬೂಟ್ ಮ್ಯಾನೇಜರ್. ಎಚ್‌ಪಿಯ ಎಫ್11, ಏಸರ್‌ನ ಆಲ್ಟ್-ಎಫ್10, ಲೆನೊವೊದ ನೊವೊ ಬಟನ್ ಎಲ್ಲ ತಯಾರಿಸುವಾಗಲೇ ಕೂರಿಸಿಟ್ಟದ್ದು. ಅಸೆಂಬಲ್ ಬೋರ್ಡಿನ ಬಯಾಸಿಗೆ ನಾವು ಹೊಸ ಕೀ ಕಲಿಸಲು ಆಗುವುದಿಲ್ಲ. ನಮ್ಮ ಕೈಯಲ್ಲಿರುವುದು ಬೂಟ್ ಮ್ಯಾನೇಜರ್. ಅದರ ಎಫ್8 ವಿಂಡೋಸ್ 8ರಿಂದ ಮಲಗಿಕೊಂಡಿದೆ, ಎಬ್ಬಿಸಿದರೆ ಸಾಕು. ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆಗೆದು, ಬಿಸಿಡಿಎಡಿಟ್ (ಬೂಟ್ ಸೆಟ್ಟಿಂಗ್ ಬದಲಿಸುವ ಕಮಾಂಡ್) ಬಳಸಿ ಡಿಫಾಲ್ಟ್ ಎಂಟ್ರಿಯ ಬೂಟ್‌ಮೆನುಪಾಲಿಸಿಯನ್ನು ಸ್ಟ್ಯಾಂಡರ್ಡ್‌ನಿಂದ ಲೆಗಸಿ ಮಾಡಿ. ಒಂದೇ ಸಾಲಿನ ಕೆಲಸ.

ಈಗ ಪಾರ್ಟಿಷನ್. ವಿಂಡೋಸ್, ಡ್ರೈವರ್, ನುಡಿ ತಂತ್ರಾಂಶ, ಪ್ರಿಂಟರ್, ಅಪ್‌ಡೇಟ್ ಎಲ್ಲ ಹಾಕಿ ಮುಗಿಸಿರಿ. ಫೋಟೋ, ಡಾಕ್ಯುಮೆಂಟ್ ಫೋಲ್ಡರುಗಳನ್ನು ಈಗಲೇ ಡಿ ಡ್ರೈವಿಗೆ ಸಾಗಿಸಿ, ಯಾಕೆಂದರೆ ರಿಕವರಿ ಮಾಡಿದಾಗ ಸಿ ಪೂರ್ತಿ ಅಳಿಸಿಹೋಗುತ್ತದೆ. ಅಮ್ಮನ ಫೋಟೋ ಡೆಸ್ಕ್‌ಟಾಪ್ ಮೇಲೆ ಉಳಿದಿದ್ದರೆ ಅದೂ ಹೋಯಿತು. ಆಮೇಲೆ ಡಿಸ್ಕ್‌ಪಾರ್ಟ್‌ನಲ್ಲಿ (ಪಾರ್ಟಿಷನ್ ಮಾಡುವ ವಿಂಡೋಸ್ ಕಮಾಂಡ್) ಸಿ ಅನ್ನು ಶ್ರಿಂಕ್ ಮಾಡಿ, ಅಂದರೆ ಕುಗ್ಗಿಸಿ, ಜಾಗ ಬಿಡಿಸಿ. ನಾನು 30 ಜಿಬಿ ಬಿಡಿಸಿದ್ದೆ. ಸಿಯಲ್ಲಿ 34 ಜಿಬಿ ಇತ್ತು, ಇಮೇಜ್, ಅಂದರೆ ಇಡೀ ಸಿಯನ್ನು ಒಂದೇ ಫೈಲಿಗೆ ತುಂಬಿದ ಪ್ರತಿ, 15 ಜಿಬಿ ಆಯಿತು. ಬಿಡಿಸಿದ ಜಾಗದಲ್ಲಿ ಎನ್‌ಟಿಎಫ್‌ಎಸ್ ಪಾರ್ಟಿಷನ್ ಮಾಡಿ, ಸದ್ಯಕ್ಕೆ ಆರ್ ಅಂತ ಅಕ್ಷರ ಕೊಡಿ.

ಆ ಡಿಸ್ಕಿನಲ್ಲಿ, ಸಾಮಾನ್ಯವಾಗಿ ಕೊನೆಯಲ್ಲಿ, ವಿಂಡೋಸ್ ತಾನೇ ಮಾಡಿಕೊಂಡ ಒಂದು ಚಿಕ್ಕ ರಿಕವರಿ ಪಾರ್ಟಿಷನ್ ಇರುತ್ತದೆ, ಅದನ್ನು ಅಳಿಸಬೇಡಿ. ಎಫ್8 ಒತ್ತಿದಾಗ ಬರುವ ಮೆನುವಿನಲ್ಲಿ 'ರಿಪೇರ್ ಯುವರ್ ಕಂಪ್ಯೂಟರ್' ಆರಿಸಿದರೆ ಏಳುವುದು ಅದರೊಳಗಿನ ವಿನ್‌ಆರ್‌ಇ, ಅಂದರೆ ರಿಪೇರಿಗೆ ಅಂತಲೇ ಇರುವ ಪುಟ್ಟ ವಿಂಡೋಸ್. ಅದನ್ನು ಇಕ್ಕಟ್ಟು ಮಾಡುವುದೂ ಬೇಡ. 2024ರ ಜನವರಿಯಲ್ಲಿ ಬಂದ ವಿಂಡೋಸ್ 10ರ ಒಂದು ಅಪ್‌ಡೇಟ್ ಈ ಪಾರ್ಟಿಷನ್ನಿನಲ್ಲಿ 250 ಎಂಬಿ ಖಾಲಿ ಇಲ್ಲ ಅನ್ನುವ ಕಾರಣಕ್ಕೇ ಬಹಳ ಕಂಪ್ಯೂಟರುಗಳಲ್ಲಿ ನಿಂತುಹೋಗಿತ್ತು.

ಅಡಗಿಸಲು ಬೇಕಾದ ಟೈಪ್ ಐಡಿ ಮೂವತ್ತೆರಡು ಅಕ್ಷರದ ಉದ್ದನೆಯ ಸಾಲು. ಎಲ್ಲೆಲ್ಲೋ ಹುಡುಕಬೇಡಿ. ಡಿಸ್ಕ್‌ಪಾರ್ಟ್‌ನಲ್ಲಿ ಆ ಚಿಕ್ಕ ಪಾರ್ಟಿಷನ್ ಸೆಲೆಕ್ಟ್ ಮಾಡಿ 'ಡೀಟೇಲ್ ಪಾರ್ಟಿಷನ್' ಕೊಡಿ. ಟೈಪ್ ಮತ್ತು ಆಟ್ರಿಬ್ಯೂಟ್ ಎರಡೂ ಅಲ್ಲೇ ಬರುತ್ತವೆ, ಕಾಪಿ ಮಾಡಿಟ್ಟುಕೊಳ್ಳಿ. ಇಮೇಜ್ ತೆಗೆದಾದ ಮೇಲೆ ಅದೇ ಎರಡನ್ನು ನಿಮ್ಮ ಹೊಸ ಪಾರ್ಟಿಷನ್ನಿಗೆ 'ಸೆಟ್ ಐಡಿ', 'ಜಿಪಿಟಿ ಆಟ್ರಿಬ್ಯೂಟ್ಸ್' ಅಂತ ಕೊಟ್ಟು, ಆರ್ ಅಕ್ಷರ ತೆಗೆದುಬಿಟ್ಟರೆ 'ದಿಸ್ ಪಿಸಿ'ಯಲ್ಲಿ ಮತ್ತೆ ಕಾಣುವುದಿಲ್ಲ.

ನಾನು ಜಾಸ್ತಿ ತಲೆ ಕೆಡಿಸಿಕೊಂಡ ಜಾಗ ಮುಂದಿನದು. ಎಫ್8 ಒತ್ತಿ ವಿನ್‌ಆರ್‌ಇ ಬಂತು, ಸರಿ. ಆದರೆ ಇಮೇಜ್ ಇರುವ ಪಾರ್ಟಿಷನ್ ಅಲ್ಲೂ ಅಡಗಿಯೇ ಇರುತ್ತದೆ, ಅಪ್ಪ ಅಲ್ಲಿ ಕೂತು ಡಿಸ್ಕ್‌ಪಾರ್ಟ್ ಟೈಪ್ ಮಾಡಲಿ ಅನ್ನುವುದು ಆಗದ ಮಾತು. ಅದಕ್ಕೆ ಒಂದು ಬ್ಯಾಚ್ ಫೈಲ್ ಬರೆದು ವಿನ್‌ಆರ್‌ಇ ಒಳಗೇ ಇಟ್ಟೆ. ರೀಏಜೆಂಟ್‌ಸಿ (ವಿನ್‌ಆರ್‌ಇಯನ್ನು ಆನ್-ಆಫ್ ಮಾಡುವ ಕಮಾಂಡ್) ಬಳಸಿ ಡಿಸೇಬಲ್ ಮಾಡಿದರೆ ವಿನ್‌ಆರ್‌ಇ ಫೈಲ್ ಸಿಸ್ಟಮ್32ರ ರಿಕವರಿ ಫೋಲ್ಡರಿಗೆ ವಾಪಸ್ ಬರುತ್ತದೆ. ಡಿಸ್ಮ್‌ನಿಂದ (ಇಮೇಜ್ ಫೈಲ್ ನಿಭಾಯಿಸುವ ವಿಂಡೋಸ್ ಕಮಾಂಡ್) ಅದನ್ನು ಮೌಂಟ್ ಮಾಡಿ, ಅಂದರೆ ಫೋಲ್ಡರಿನಂತೆ ತೆರೆದು, ಅದರೊಳಗಿನ ಸಿಸ್ಟಮ್32ರಲ್ಲಿ ಬ್ಯಾಚ್ ಫೈಲ್ ಹಾಕಿ, ಕಮಿಟ್ ಮಾಡಿ (ಬದಲಾವಣೆ ಉಳಿಸಿ), ಮತ್ತೆ ಎನೇಬಲ್ ಮಾಡಿ. ಫೈಲಿಗೆ ನಾನು 'ಮನೆ' ಅಂತ ಇಂಗ್ಲಿಷಿನ ನಾಲ್ಕು ಅಕ್ಷರದ ಹೆಸರಿಟ್ಟೆ. ಅಲ್ಲಿ ಕಮಾಂಡ್ ಪ್ರಾಂಪ್ಟ್ ತೆಗೆದು ಆ ನಾಲ್ಕು ಅಕ್ಷರ ಹೊಡೆದು ಎಂಟರ್ ಒತ್ತಿದರೆ ಆಯಿತು. ಅದು ಮೊದಲು ಒಮ್ಮೆ ಕೇಳುತ್ತದೆ, ಆಮೇಲೆ ಇಮೇಜ್ ಪಾರ್ಟಿಷನ್ನಿಗೂ ಸಿಗೂ ಅಕ್ಷರ ಕೊಟ್ಟು, ಸಿ ಫಾರ್ಮ್ಯಾಟ್ ಮಾಡಿ, ಡಿಸ್ಮ್‌ನಿಂದ ಇಮೇಜ್ ಸುರಿಯುತ್ತದೆ.

ಬ್ಯಾಚ್ ಫೈಲಿನಲ್ಲಿ ಡ್ರೈವ್ ಅಕ್ಷರ ನಂಬಬೇಡಿ, ವಿನ್‌ಆರ್‌ಇಯಲ್ಲಿ ಸಿ ಅನ್ನುವುದು ಡಿ ಆಗಿರಬಹುದು. ಡಿಸ್ಕ್ ನಂಬರ್, ಪಾರ್ಟಿಷನ್ ನಂಬರ್ ಬರೆಯಿರಿ, ಅದೂ ವಿನ್‌ಆರ್‌ಇಗೆ ಹೋಗಿ ಕಣ್ಣಾರೆ ನೋಡಿದ ನಂಬರ್. ಎರಡು ಡಿಸ್ಕ್ ಇದ್ದರೆ ಇನ್ನೂ ಹುಷಾರು. ಸಿಯನ್ನು ಫಾರ್ಮ್ಯಾಟ್ ಮಾತ್ರ ಮಾಡಿ, ಪಾರ್ಟಿಷನ್ ಡಿಲೀಟ್ ಮಾಡಬೇಡಿ. ಫಾರ್ಮ್ಯಾಟ್ ಮಾಡಿದರೆ ಪಾರ್ಟಿಷನ್ನಿನ ಗುರುತು ಹಾಗೇ ಉಳಿಯುತ್ತದೆ, ಬೂಟ್ ಮ್ಯಾನೇಜರ್ ದಾರಿ ತಪ್ಪುವುದಿಲ್ಲ. ಎಫ್8 ಒತ್ತಿದ ತಕ್ಷಣ ತಾನೇ ಎಲ್ಲ ಅಳಿಸುವ ಹಾಗೆ ಮಾಡಲೂ ದಾರಿ ಇದೆ, ಆದರೆ ನಾನು ಬೇಡ ಅನ್ನುತ್ತೇನೆ. ಮನೆಯಲ್ಲಿ ಮಕ್ಕಳು ಕೀಬೋರ್ಡ್ ಕುಟ್ಟುತ್ತಿರುತ್ತಾರೆ.

ಇದೆಲ್ಲ ಆದ ಮೇಲೆಯೇ ಇಮೇಜ್. ವಿಂಡೋಸ್ ಇನ್‌ಸ್ಟಾಲ್ ಮಾಡುವ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಶಿಫ್ಟ್-ಎಫ್10 ಒತ್ತಿ, ಡಿಸ್ಮ್‌ನ ಕ್ಯಾಪ್ಚರ್ ಇಮೇಜ್ ಕೊಡಿ. ವಾಪಸ್ ಹಾಕುವುದು ಅದೇ ಕಂಪ್ಯೂಟರಿಗೆ, ಹಾಗಾಗಿ ಬೇರೆ ಕಂಪ್ಯೂಟರಿಗೆ ಹಾಕಲು ವಿಂಡೋಸನ್ನು ಸಜ್ಜು ಮಾಡುವ ಸಿಸ್‌ಪ್ರೆಪ್ ಬೇಕಿಲ್ಲ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ ಬೂಟ್ ಸೆಟ್ಟಿಂಗ್ ಮುಟ್ಟುವ ಮೊದಲೇ ಆಫ್ ಮಾಡಿ, ಇಲ್ಲದಿದ್ದರೆ 48 ಅಂಕೆಯ ಕೀ ಕೇಳುತ್ತ ಕೂರುತ್ತದೆ.

ಊರಿಗೆ ಕಳಿಸುವ ಮೊದಲು ಒಮ್ಮೆ ಪೂರ್ತಿ ಮಾಡಿ ನೋಡಿ, ಅವರ ಕೀಬೋರ್ಡಿನಲ್ಲೇ. ಅಕ್ಕನ ಮನೆಯಲ್ಲಿ ಏನಾಯಿತು ಅಂದರೆ, ಏನೇನೋ ಸಾಫ್ಟ್‌ವೇರ್ ಸೇರಿಕೊಂಡು ಕಂಪ್ಯೂಟರ್ ತೆವಳತೊಡಗಿತು. ಭಾವನಿಗೆ ಫೋನ್ ಮಾಡಿ "ಆನ್ ಮಾಡಿದ ಕೂಡಲೇ ಎಫ್8 ಒತ್ತುತ್ತಾ ಇರಿ ಭಾವ" ಅಂದೆ. "ಒತ್ತೇ ಒತ್ತುತ್ತಿದ್ದೇನೆ ಮಾರಾಯ, ಸೀದಾ ಒಳಗೇ ಹೋಗುತ್ತದೆ" ಅಂದರು. ಐದು ಸಲ ಹೀಗೇ ಆಯಿತು. ಬಯಾಸಿನಲ್ಲಿ ಫಾಸ್ಟ್ ಬೂಟ್ ಆನ್ ಇತ್ತು, ವಿಂಡೋಸ್ ಬರುವ ತನಕ ಯುಎಸ್‌ಬಿ ಕೀಬೋರ್ಡ್ ಎದ್ದೇ ಇರಲಿಲ್ಲ. ನಾನು ಪರೀಕ್ಷೆ ಮಾಡಿದ್ದು ಯುಎಸ್‌ಬಿ ಅಲ್ಲದ ನನ್ನ ಹಳೇ ಪಿಎಸ್2 ಕೀಬೋರ್ಡಿನಲ್ಲಿ. ಕೊನೆಗೆ ಶಿಫ್ಟ್ ಒತ್ತಿಹಿಡಿದು ರೀಸ್ಟಾರ್ಟ್ ಕೊಡಿಸಿ ವಿನ್‌ಆರ್‌ಇಗೆ ಕರೆದೊಯ್ದೆ. ಅಲ್ಲಿಂದ ಮುಂದೆ 'ಮನೆ' ಹೊಡೆದು ಅರ್ಧ ಗಂಟೆಯಲ್ಲಿ ಮುಗಿಯಿತು. ಹಾಗಾಗಿ ಫಾಸ್ಟ್ ಬೂಟ್ ಆಫ್ ಮಾಡಿ, ವಿಂಡೋಸ್ ಒಳಗಿನ ಫಾಸ್ಟ್ ಸ್ಟಾರ್ಟಪ್ ಕೂಡ. ಇನ್ನೊಂದು, ಏಸುಸ್ ಡೆಸ್ಕ್‌ಟಾಪ್ ಬೋರ್ಡುಗಳಲ್ಲಿ ಎಫ್8 ಅಂದರೆ ಬೋರ್ಡಿನದೇ ಬೂಟ್ ಮೆನು. ಆ ಮೆನು ಬಂದರೆ ವಿಂಡೋಸ್ ಬೂಟ್ ಮ್ಯಾನೇಜರ್ ಆರಿಸಿ, ತಕ್ಷಣ ಮತ್ತೆ ಎಫ್8 ಒತ್ತಬೇಕು. ಗಿಗಾಬೈಟ್‌ನಲ್ಲಿ ಅದು ಎಫ್12, ಎಂಎಸ್‌ಐಯಲ್ಲಿ ಎಫ್11, ಅಲ್ಲಿ ಈ ತೊಂದರೆ ಇಲ್ಲ.

ವಿಂಡೋಸ್‌ನ ದೊಡ್ಡ ವಾರ್ಷಿಕ ಅಪ್‌ಗ್ರೇಡ್ ಬಂದಾಗ ವಿನ್‌ಆರ್‌ಇ ಹೊಸದಾಗಿ ಕೂರುತ್ತದೆ, ನಿಮ್ಮ ಬ್ಯಾಚ್ ಫೈಲ್ ಹೋಗಿರುತ್ತದೆ. ಊರಿಗೆ ಹೋದಾಗ ನೋಡಿ ಮತ್ತೆ ಹಾಕಿ. ಎಸ್‌ಎಸ್‌ಡಿಯೇ ಸತ್ತರೆ ಅಡಗಿಸಿಟ್ಟದ್ದೂ ಅದರ ಜೊತೆಗೇ ಹೋಗುತ್ತದೆ, ಆದ್ದರಿಂದ ಇಮೇಜಿನ ಒಂದು ಪ್ರತಿ ಪೆನ್‌ಡ್ರೈವಿನಲ್ಲಿ ಇಟ್ಟು ಅಮ್ಮನ ಬೀರುವಿನಲ್ಲಿ ಇಡಿಸಿ. ಪೆನ್‌ಡ್ರೈವ್ ಫ್ಯಾಟ್32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ, ಎನ್‌ಟಿಎಫ್‌ಎಸ್ ಮಾಡಿಕೊಳ್ಳಿ.

ಶುರು ಮಾಡುವ ಮೊದಲು ಡಿಸ್ಕ್‌ಪಾರ್ಟ್‌ನ 'ಲಿಸ್ಟ್ ಪಾರ್ಟಿಷನ್' ಕೊಟ್ಟಾಗ ಏನು ಬಂತು, ಬೋರ್ಡ್ ಯಾವುದು ಅಂತ ಇಲ್ಲಿ ಹಾಕಿ. ಶ್ರಿಂಕ್ ಎಷ್ಟು ಮಾಡಬೇಕು, ಬ್ಯಾಚ್ ಫೈಲಿಗೆ ಯಾವ ನಂಬರ್ ಅಂತ ನೋಡಿ ಹೇಳುತ್ತೇನೆ.