ಬಿಸಿಯೂಟದ ನಂತರದ ಪಿರಿಯಡ್‌ಗೆ ಎಂಥ ಹಾಡು?

ಪ್ರಶ್ನೆ: ಊಟ ಮುಗಿಸಿ ಬಂದ ಐದನೇ ತರಗತಿ ಮಕ್ಕಳು ತೂಕಡಿಸುತ್ತಾರೆಂದು ಬ್ಲೂಟೂತ್ ಸ್ಪೀಕರ್‌ನಲ್ಲಿ ಡೊಳ್ಳಿನ ಹಾಡು ಹಾಕಿದರೆ, ನಿದ್ದೆಯೇನೋ ಹಾರುತ್ತದೆ, ಆಮೇಲೆ ಕಾಲು ಗಂಟೆ ಗಲಾಟೆ ನಿಲ್ಲುವುದಿಲ್ಲ. ಏನು ಮಾಡಲಿ?
– ಶಿಕ್ಷಕಿ, ಹಾವೇರಿ ಜಿಲ್ಲೆ

ಉತ್ತರ: ಹಾಡು ಹಾಕುವುದು ಸರಿಯೇ. ಹುರುಪು ಏರಿಸಿದ ಮೇಲೆ ಇಳಿಸುವುದೂ ಅದೇ ಚಟುವಟಿಕೆಯ ಭಾಗವಾಗಬೇಕು. ಎರಡು ನಿಮಿಷ ಏರಿಕೆ, ಒಂದು ನಿಮಿಷ ಇಳಿಕೆ, ಒಟ್ಟು ಮೂರೇ ನಿಮಿಷ ಸಾಕು. ಹಾಡಿನ ವೇಗ ನಿಮಿಷಕ್ಕೆ 110ರಿಂದ 130 ಪೆಟ್ಟು ಇರಲಿ. 15 ಸೆಕೆಂಡು ಕೈತಟ್ಟಿ ಎಣಿಸಿ ನಾಲ್ಕರಿಂದ ಗುಣಿಸಿ: 30 ಬಂದರೆ 120. ತೀರಾ ವೇಗವಾದರೆ ಮಕ್ಕಳ ಕೈಗೆ ತಾಳ ಸಿಗದು, ಬರೀ ಕುಣಿತ ಉಳಿಯುತ್ತದೆ; ಗಲಾಟೆ ಹುಟ್ಟುವುದೇ ಅಲ್ಲಿ.

ಅಂಗೈಯಗಲದ ಸ್ಪೀಕರ್‌ನಿಂದ ಡೊಳ್ಳಿನ ತಗ್ಗು ದನಿ ಹೊರಡುವುದಿಲ್ಲ. ಗುಮ್ಮೆನ್ನಬೇಕಾದ್ದು ಡಬ್ಬ ಬಡಿದಂತೆ ಕೇಳಿ, ಸಾಲದೆಂದು ವಾಲ್ಯೂಮ್ ಏರಿಸುತ್ತೇವೆ. ತಮಟೆ ಅಥವಾ ಕೋಲಾಟದ ಕೋಲಿನ ಸದ್ದಿರುವ ಹಾಡು ಆರಿಸಿ. ಸ್ಪೀಕರ್ ಮೇಜಿನ ಮೇಲಿರಲಿ, ಮೂಲೆಯಲ್ಲಿ ಬೇಡ. ಹಾಡಿನ ನಡುವೆಯೂ ನಿಮ್ಮ ಮಾಮೂಲಿ ಮಾತು ಕೊನೆಯ ಬೆಂಚಿಗೆ ಕೇಳಬೇಕು, ಅದೇ ಅಳತೆ. ಕಿವಿಗೆ ಮಷೀನ್ ಹಾಕಿದ ಮಗುವಿದ್ದರೆ ಸ್ಪೀಕರ್‌ನಿಂದ ದೂರ ನಿಲ್ಲಿಸಿ. ಹಾಡನ್ನು ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ, ನಡುವೆ ಜಾಹೀರಾತು ಬಂದರೆ ಎಲ್ಲ ಕೆಟ್ಟಿತು. ಹೊಟ್ಟೆ ತುಂಬಿರುವಾಗ ಜಿಗಿತ ಬೇಡ, ಕೈ ಭುಜಗಳ ಚಲನೆ ಸಾಕು.

ಇನ್ನು ಇಳಿಕೆ. ಹಾಡನ್ನು ಫಕ್ಕನೆ ನಿಲ್ಲಿಸದೆ ಸದ್ದು ತಗ್ಗಿಸುತ್ತಾ ಆದಿತಾಳ ಹಾಕಿಸಿ: ಒಂದು ಪೆಟ್ಟು, ಮೂರು ಬೆರಳೆಣಿಕೆ, ಮತ್ತೆ ಎರಡು ಸಲ ಪೆಟ್ಟು ಮತ್ತು ಬೀಸು (ಅಂಗೈ ಮೇಲ್ಮುಖ ಮಾಡುವುದು), ಒಟ್ಟು 8. ಮೊದಲ ಆವರ್ತ, ಅಂದರೆ 8 ಎಣಿಕೆಯ ಒಂದು ಸುತ್ತು, ನಿಂತು ಜೋರಾಗಿ, ಎರಡನೆಯದು ಕುಳಿತು ಮೆಲ್ಲಗೆ, ಮೂರನೆಯದು ಇನ್ನೂ ನಿಧಾನವಾಗಿ, ಸದ್ದೇ ಇಲ್ಲದೆ. ಬೆರಳೆಣಿಕೆ ತಪ್ಪಬಾರದೆಂಬ ಗಮನದಲ್ಲಿ ಮಾತು ತಾನಾಗಿ ಕಡಿಮೆಯಾಗುತ್ತದೆ. ಸ್ಪೀಕರ್‌ಗೆ ಚಾರ್ಜ್ ಇಲ್ಲದ ದಿನ ಇದನ್ನೇ ವೇಗವಾಗಿ ಶುರುಮಾಡಿ ನಿಧಾನಕ್ಕೆ ತನ್ನಿ.

ಪ್ರಶ್ನೆ: ಲೆಕ್ಕ ಬಿಡಿಸುವಾಗ ಮೊಜಾರ್ಟ್ ಸಂಗೀತ ಹಾಕಿದರೆ ಬುದ್ಧಿ ಚುರುಕಾಗುತ್ತದಂತೆ, ನಿಜವೇ?
– ಪೋಷಕರು, ಉಡುಪಿ

ಉತ್ತರ: ಇಲ್ಲ. ಈ ನಂಬಿಕೆಗೆ ಮೂಲವಾದ 1993ರ ಅಮೆರಿಕದ ಪ್ರಯೋಗ ನಡೆದದ್ದು ಕಾಲೇಜು ವಿದ್ಯಾರ್ಥಿಗಳ ಮೇಲೆ. ಅಲ್ಲಿ 10 ನಿಮಿಷ ಸಂಗೀತ ಕೇಳಿಸಿದ್ದು ಪರೀಕ್ಷೆಗೆ ಮುಂಚೆ. ಆಕಾರಗಳನ್ನು ಮನಸ್ಸಿನಲ್ಲೇ ಊಹಿಸಿಕೊಳ್ಳುವ ಪ್ರಶ್ನೆಗಳಲ್ಲಷ್ಟೇ ಲಾಭ ಕಂಡಿತು, ಅದೂ 10-15 ನಿಮಿಷ. ಮನಸ್ಸು ಉಲ್ಲಾಸಗೊಂಡದ್ದೇ ಇದಕ್ಕೆ ಕಾರಣವೆಂದು ಮುಂದಿನ ಅಧ್ಯಯನಗಳು ತೋರಿಸಿದವು. ಹಾಗಾಗಿ ಸಂಗೀತ ಪಾಠಕ್ಕೆ ಮೊದಲಿರಲಿ. ಓದುವಾಗ, ಬರೆಯುವಾಗ ಮಾತ್ರ ಸಾಹಿತ್ಯವಿರುವ ಹಾಡು ಬೇಡವೇ ಬೇಡ. ಹಾಡಿನ ಪದಗಳು ಪುಸ್ತಕದ ಪದಗಳ ಜೊತೆ ತಲೆಯಲ್ಲಿ ಪೈಪೋಟಿಗಿಳಿಯುತ್ತವೆ. ಚಿತ್ರ ಬಿಡಿಸುವಾಗ ಧಾರಾಳವಾಗಿ ಹಾಕಿ.