ಕಿವಿ ಸರಿಯಿದೆ, ಮಾತು ಮಾತ್ರ ತಿಳಿಯುತ್ತಿಲ್ಲ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

"ಬೇಕಂತಲೇ ಹೀಗೆ ಮಾಡ್ತಾಳೆ ಮೇಡಂ. ಕುಕ್ಕರ್ ಕೂಗಿದ್ರೆ ಕೇಳುತ್ತೆ, ನಾನು ಕರೆದ್ರೆ ಕೇಳಲ್ಲ." ಯಜಮಾನರು ಹೇಳಿದ ಮೊದಲ ಮಾತು ಇದು. ಅರವತ್ತರ ಆಸುಪಾಸಿನ ಅವರ ಹೆಂಡತಿ, ನಿವೃತ್ತ ಶಿಕ್ಷಕಿ, ಪಕ್ಕದಲ್ಲೇ ಕೂತು ಗಂಡನ ಮುಖ ನೋಡುತ್ತಿದ್ದರು. ತನ್ನ ಬಗ್ಗೆಯೇ ಮಾತು ಅಂತ ಗೊತ್ತು, ಏನು ಅಂತ ಗೊತ್ತಿಲ್ಲ.

ಕೆಲವು ವರ್ಷದ ಹಿಂದೆ ಅವರಿಗೆ ಒಂದು ಸ್ಟ್ರೋಕ್ ಆಗಿತ್ತು. ಎಡಗೈ ಸೋತು, ಆಮೇಲೆ ಸರಿಹೋಯಿತು. ಈ ವರ್ಷ ಎರಡನೆಯದು. ಕೈಕಾಲಿಗೆ ಏನೂ ಆಗಲಿಲ್ಲ, ಬಚಾವಾದೆವು ಅಂದುಕೊಂಡರು ಮನೆಯವರು. ಆದರೆ ಅವತ್ತಿನಿಂದ ಯಾರ ಮಾತೂ ಅವರಿಗೆ ತಿಳಿಯುತ್ತಿಲ್ಲ. ದುಡ್ಡು ಕೊಟ್ಟು ತಂದ ಕಿವಿ ಮಿಷನ್ ಬೀರು ಸೇರಿತು. ಕಿವಿ ಪರೀಕ್ಷೆಯಲ್ಲಿ 'ನಾರ್ಮಲ್' ಅಂತ ಬಂತು. ನಾಟಕ ಅನ್ನೋ ಮಾತು ಶುರುವಾಗಿದ್ದೇ ಆ ವರದಿಯಿಂದ.

ನಾನು ಹಾಳೆಯ ಮೇಲೆ ಬರೆದೆ: "ಅಮ್ಮಾ, ಮಾತು ನಿಮಗೆ ಹೇಗೆ ಕೇಳುತ್ತೆ?" ಅವರು ಓದಿ, ಸ್ಪಷ್ಟವಾಗಿ ಹೇಳಿದರು: "ಸದ್ದು ಬರುತ್ತೆ. ದನಿ ಇವರದೇ ಅಂತಾನೂ ಗೊತ್ತಾಗುತ್ತೆ. ಆದ್ರೆ ಗೊತ್ತಿಲ್ಲದ ಭಾಷೇಲಿ ಗಡಿಬಿಡಿಯಾಗಿ ಮಾತಾಡಿದ ಹಾಗೆ." ಯಜಮಾನರು ಸುಮ್ಮನಾದರು. ಇಷ್ಟು ತಿಂಗಳಲ್ಲಿ ಯಾರೂ ಅವರನ್ನು ಬರೆದು ಕೇಳಿರಲಿಲ್ಲ.

ಕಿವಿ ಹಿಡಿದ ಸದ್ದನ್ನು ಮಾತಾಗಿ ಬಿಡಿಸಿಕೊಳ್ಳುವುದು ಮೆದುಳು. ಅದಕ್ಕೆ ಬೇಕಾದ ಭಾಗ ತಲೆಯ ಎರಡೂ ಪಕ್ಕದಲ್ಲಿ, ಟೆಂಪೊರಲ್ ಲೋಬ್ ಅನ್ನುವ ಮೆದುಳಿನ ಪಕ್ಕದ ಭಾಗದಲ್ಲಿದೆ. ಒಂದೊಂದು ಕಿವಿಯ ಸಂದೇಶವೂ ಎರಡೂ ಬದಿಗೆ ಹೋಗುತ್ತದೆ. ಹಾಗಾಗಿ ಒಂದು ಬದಿ ಪೆಟ್ಟು ತಿಂದರೂ ಸಾಮಾನ್ಯವಾಗಿ ಇನ್ನೊಂದು ಸುಧಾರಿಸಿಕೊಳ್ಳುತ್ತದೆ. ಇವರಿಗೆ ಮೊದಲ ಸ್ಟ್ರೋಕ್ ಮೆದುಳಿನ ಬಲಬದಿಗೆ (ಅದಕ್ಕೇ ಎಡಗೈ ಸೋತಿದ್ದು), ಎರಡನೆಯದು ಎಡಬದಿಗೆ. ಎಂಆರ್‌ಐ ನೋಡಿದ ನರರೋಗ ವೈದ್ಯರು ಖಚಿತಪಡಿಸಿದರು. ಮಿಷನ್ ಸದ್ದನ್ನು ಜೋರು ಮಾಡಬಲ್ಲದು, ಬಿಡಿಸಿಕೊಡಲಾರದು. ಸ್ಟ್ರೋಕ್‌ನಿಂದ ಬರುವ ಕಿವುಡೆಲ್ಲ ಹೀಗೇ ಇರುವುದಿಲ್ಲ. ಒಳಕಿವಿಗೆ ರಕ್ತ ಕೊಡುವ ನಾಳ ಕಟ್ಟಿಕೊಂಡರೆ ಒಂದು ಕಿವಿ ಇದ್ದಕ್ಕಿದ್ದಂತೆ ಹೋಗಬಹುದು, ಜೊತೆಗೆ ತಲೆಸುತ್ತು. ಆಗ ತಕ್ಷಣ ಆಸ್ಪತ್ರೆಗೆ ಓಡಬೇಕು, ನಾಳೆ ನೋಡೋಣ ಅನ್ನಬಾರದು.

ಯಜಮಾನರಿಗೆ ನಾನು ಮೊದಲು ಹೇಳಿದ್ದು: ಕೂಗಬೇಡಿ. ಕೂಗಿದರೆ ಅವರಿಗೆ ತಲುಪುವುದು ನಿಮ್ಮ ಸಿಟ್ಟಿನ ಮುಖ ಮಾತ್ರ. ಟಿವಿ ಆರಿಸಿ, ಎದುರಿಗೆ ಕೂತು, ತುಟಿ ಕಾಣುವಂತೆ ನಿಧಾನವಾಗಿ ಮಾತಾಡಿ. ಯಾವ ವಿಷಯ ಅಂತ ಮೊದಲೇ ಒಂದು ಪದ ಬರೆದು ತೋರಿಸಿ, ಅರ್ಧ ಕೆಲಸ ಅಲ್ಲೇ ಆಗುತ್ತದೆ. ಮಾತ್ರೆ, ದುಡ್ಡು, ಆಸ್ಪತ್ರೆಯ ವಿಷಯವನ್ನಂತೂ ಬರೆದೇ ತಿಳಿಸಿ. ಯಾಕೆಂದರೆ ಆ ತಾಯಿ ಎಲ್ಲದಕ್ಕೂ 'ಹೂಂ' ಅಂತ ತಲೆಯಾಡಿಸುವುದನ್ನು ರೂಢಿ ಮಾಡಿಕೊಂಡಿದ್ದರು. ಹಾಗೆ ಮಾಡಬೇಡಿ, ತಿಳಿಯದಿದ್ದರೆ ಹಾಳೆ ಮುಂದೆ ಚಾಚಿ ಅಂತ ಅವರಿಗೂ ಬರೆದು ಕೊಟ್ಟೆ.

ಮುಂದಿನ ಪರೀಕ್ಷೆ ಮತ್ತು ತರಬೇತಿಗೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಹೋಗಲು ಹೇಳಿದೆ. 1966ರಿಂದ ಇದೇ ಕೆಲಸ ಮಾಡುತ್ತಿರುವ ಸಂಸ್ಥೆ ಅದು. ಕೆಲವರಿಗೆ ತಿಂಗಳುಗಳಲ್ಲಿ ಸುಧಾರಿಸುತ್ತದೆ, ಕೆಲವರಿಗೆ ಅಷ್ಟಾಗಿ ಇಲ್ಲ. ಸುಳ್ಳು ಭರವಸೆ ಕೊಡಲು ನನಗೆ ಮನಸ್ಸಾಗಲಿಲ್ಲ. ಬಿಪಿ, ಶುಗರ್ ಮಾತ್ರೆ ಒಂದು ದಿನವೂ ತಪ್ಪಬಾರದು ಅಂತ ಸೊಸೆಗೆ ಒತ್ತಿ ಹೇಳಿದೆ.

ಮುಂದಿನ ಭೇಟಿಗೆ ಗಂಡ ಹೆಂಡತಿ ಒಂದು ನೋಟ್‌ಬುಕ್ ತಂದಿದ್ದರು. "ನಾಟಕ ಅಂದಿದ್ದು ತಪ್ಪಾಯ್ತು" ಅಂತ ಯಜಮಾನರು ಅದರಲ್ಲೇ ಬರೆದಿದ್ದರು. ಕೆಳಗೆ ಆಕೆ, "ಹೋಗ್ಲಿ ಬಿಡಿ. ತಂಗಿಗೆ, ಭಾವನಿಗೆ ನೀವೇ ಹೇಳಿ" ಅಂತ ಬರೆದಿದ್ದರು. ಒಬ್ಬರೇ ನಿಧಾನವಾಗಿ ಮಾತಾಡಿದರೆ ಈಗ ಒಂದಷ್ಟು ತಿಳಿಯುತ್ತದೆ. ನಾಲ್ಕು ಜನ ಸೇರಿದರೆ ಇಲ್ಲ. ಮದುವೆ, ಮುಂಜಿಗೆ ಹೋಗುವುದನ್ನು ಅವರು ಬಿಟ್ಟೇಬಿಟ್ಟಿದ್ದಾರೆ. ನಮ್ಮ ಮುಂದಿನ ಮಾತುಕತೆ ಅದರ ಬಗ್ಗೆಯೇ.