1924ರ ನ್ಯೂಯಾರ್ಕ್ ಚೆಸ್ ಟೂರ್ನಿಯನ್ನು ಇಂದಿಗೂ ಯಾಕೆ ನೆನೆಯುತ್ತಾರೆ?

ಮುಖ್ಯ ಕಾರಣ ಜರ್ಮನಿಯ ಆಟಗಾರ ಎಮಾನುಯೆಲ್ ಲಾಸ್ಕರ್. 1921ರಲ್ಲಿ ಕಾಪಾಬ್ಲಾಂಕಾ ಎದುರು ವಿಶ್ವ ಚಾಂಪಿಯನ್ ಪಟ್ಟ ಕಳೆದುಕೊಂಡಿದ್ದ ಅವರಿಗೆ ಆಗ 55 ವರ್ಷ. ಇನ್ನು ಇವರ ಕಾಲ ಮುಗಿಯಿತು ಅಂದುಕೊಳ್ಳೋದು ಸಹಜ ಅಲ್ವಾ? ಆದರೆ ಅಲಾಮ್ಯಾಕ್ ಹೋಟೆಲಿನಲ್ಲಿ ಸೇರಿದ್ದ 11 ಆಟಗಾರರಲ್ಲಿ ಅವರೇ ಮೊದಲು ಬಂದರು. ಪ್ರತಿಯೊಬ್ಬರೂ ಉಳಿದವರ ಜೊತೆ ಎರಡೆರಡು ಸಲ ಆಡಬೇಕಿತ್ತು. ಲಾಸ್ಕರ್ 20 ಆಟಗಳಲ್ಲಿ 16 ಅಂಕ ಗಳಿಸಿದರು, ಸೋತಿದ್ದು ಒಂದೇ ಆಟ, ಅದೂ ಕಾಪಾಬ್ಲಾಂಕಾಗೆ. ಕಾಪಾಬ್ಲಾಂಕಾ 14.5 ಅಂಕದೊಂದಿಗೆ ಎರಡನೆಯವರು, ಅಲೆಖಿನ್ 12ರೊಂದಿಗೆ ಮೂರನೆಯವರು.

ನನಗೆ ಇದಕ್ಕಿಂತ ಜಾಸ್ತಿ ಇಷ್ಟ ಇದೇ ಟೂರ್ನಿಯಲ್ಲಿ ರಿಚರ್ಡ್ ರೇಟಿ ಎಂಬ ಆಟಗಾರ ಕಾಪಾಬ್ಲಾಂಕಾ ಎದುರು ಆಡಿದ ಆಟ. ಕಾಪಾಬ್ಲಾಂಕಾ 8 ವರ್ಷಗಳಿಂದ ಒಂದೂ ಆಟ ಸೋತಿರಲಿಲ್ಲ. ಅವರೆದುರು ರೇಟಿ ಮೊದಲು ಕುದುರೆ ನಡೆಸಿದರು. ಎಲ್ಲರಂತೆ ನಡುವಿನ ಕಾಲಾಳುಗಳನ್ನು ಮುಂದೆ ನುಗ್ಗಿಸಲಿಲ್ಲ. ಎರಡು ಒಂಟೆಗಳನ್ನೂ ಎರಡು ಬದಿಗೆ ಇಟ್ಟು, ದೂರದಿಂದಲೇ ನಡುಮನೆಗಳ ಮೇಲೆ ಒತ್ತಡ ಹಾಕಿದರು. 31ನೇ ನಡೆಗೆ ಚಾಂಪಿಯನ್ ಸೋಲೊಪ್ಪಿದರು! ಕೇಂದ್ರವನ್ನು ಕಾಲಾಳುಗಳಿಂದಲೇ ಹಿಡಿಯಬೇಕೆಂಬ ಹಳೇ ಪಾಠಕ್ಕೆ ಇದಕ್ಕಿಂತ ಗಟ್ಟಿ ಉತ್ತರ ನಾನು ಕಂಡಿಲ್ಲ.

ಎಲ್ಲಾ ಆಟಗಳಿಗೂ ಅಲೆಖಿನ್ ಟಿಪ್ಪಣಿ ಬರೆದು ಪುಸ್ತಕ ಮಾಡಿದ್ದಾರೆ. ಚೆಸ್ ಕಲಿಯುವವರು ಈಗಲೂ ಅದನ್ನು ಓದುತ್ತಾರೆ. ನೀವು ರೇಟಿಯ ಆಟದಿಂದಲೇ ಶುರು ಮಾಡಿ.